13 ಪೆಡಲ್, ಒಂದೇ ಬೋರ್ಡು: ಹೇಗೆ ಜೋಡಿಸಲಿ?

ಕೋಡಿಬಾಗ ಬೇಸ್

ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಬರೆಯುತ್ತಿದ್ದೇನೆ. ಹಗಲು ಅಣ್ಣನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುತ್ತೇನೆ, ರಾತ್ರಿ ಬೇಸ್ ಗಿಟಾರ್ ನುಡಿಸುತ್ತೇನೆ. ಚವತಿಯ ಹೊತ್ತಿಗೆ ಇಲ್ಲಿ ರಸಮಂಜರಿ ಕಾರ್ಯಕ್ರಮಗಳು, ಡಿಸೆಂಬರ್ ಬಂತೆಂದರೆ ಗೋವಾದ ಕಾಣಕೋಣದ ಕಡೆ ಮದುವೆ ಪಾರ್ಟಿಗಳು. ಐದು ತಂತಿಯ ಬೇಸ್, ತಂತಿಯ ಕಂಪನ ಹಿಡಿಯಲು ಒಳಗೆ ಬ್ಯಾಟರಿ ಇಲ್ಲದ ಸಾದಾ ಪಿಕಪ್.

ನನ್ನ ಹತ್ತಿರ ಈಗ 13 ಪೆಡಲ್ ಇವೆ, ಅಂದರೆ ಕಾಲಲ್ಲಿ ಒತ್ತಿ ಬೇಸಿನ ಸದ್ದು ಬದಲಿಸುವ ಡಬ್ಬಿಗಳು. ಮೊದಲೇ ಹೇಳಿಬಿಡುತ್ತೇನೆ, "ಅರ್ಧ ಮಾರಿಬಿಡಿ" ಅನ್ನುವ ಸಲಹೆ ಬೇಡ. ಅದನ್ನು ಮನೆಯಲ್ಲೇ ದಿನಾ ಕೇಳುತ್ತೇನೆ.

ಈಗಿನ ಸಾಲು ಹೀಗಿದೆ: ಟ್ಯೂನರ್, ಕಂಪ್ರೆಸರ್, ಫಜ್ (ಸದ್ದನ್ನು ಒರಟು ಮಾಡುವುದು), ಎರಡು ಓವರ್‌ಡ್ರೈವ್, ಆಕ್ಟೇವ್ (ಒಂದು ಸ್ಥಾಯಿ ಕೆಳಗಿನ ಸ್ವರ ಸೇರಿಸುವುದು), ಆಟೋ ವಾ, ಕೋರಸ್, ಫೇಸರ್, ಈಕ್ಯೂ (ದಪ್ಪ, ತೆಳು ಸದ್ದು ಹೆಚ್ಚು ಕಡಿಮೆ ಮಾಡುವುದು), ಡಿಜಿಟಲ್ ಡಿಲೇ, ರಿವರ್ಬ್, ಕೊನೆಗೆ ಪ್ರೀಆಂಪ್ ಡಿಐ (ಬೇಸನ್ನು ನೇರ ಮಿಕ್ಸರಿಗೆ ಕಳಿಸುವುದು). ನಿಜ ಹೇಳಬೇಕೆಂದರೆ ಇದು ಕೊಂಡ ಕ್ರಮ, ಯೋಚಿಸಿ ಇಟ್ಟ ಕ್ರಮ ಅಲ್ಲ. ಎಲ್ಲವೂ ಹಳೇ ಬಾಗಿಲಿನ ಒಂದು ಹಲಗೆಯ ಮೇಲೆ ಅಂಟಿಕೊಂಡಿವೆ. ಕರೆಂಟಿಗೆ 2 ಆಂಪಿಯರಿನ ಒಂದೇ ಅಡಾಪ್ಟರ್, ಅದರಿಂದ ಹೂಮಾಲೆಯ ಹಾಗೆ ಒಂದರಿಂದ ಒಂದಕ್ಕೆ ಹೋಗುವ ವೈರು.

ತೊಂದರೆ ಏನೆಂದರೆ, ನುಡಿಸದೆ ಸುಮ್ನೆ ನಿಂತರೂ ಜುಂ ಅನ್ನುತ್ತದೆ. ಅದರ ಮೇಲೆ ಸೊಳ್ಳೆ ಹಾಗೆ ಕುಂಯ್ ಅನ್ನುವ ಇನ್ನೊಂದು ಸದ್ದು. ಫಜ್ ಒತ್ತಿದರೆ ಕೆಳಗಿನ ಸ್ವರವೇ ಮಾಯ. ನಮ್ಮ ಡ್ರಮ್ಮರ್ ತಿರುಗಿ ನೋಡಿ "ಬೇಸ್ ಎಲ್ಲಿ ಹೋಯ್ತೋ?" ಅನ್ನುತ್ತಾನೆ. ಇವೆರಡನ್ನೂ ಹೇಗೋ ಸಹಿಸಿಕೊಂಡಿದ್ದೆ. ಆದರೆ ಈ ಸಲ ಚವತಿಯಲ್ಲಿ, ಗಣಪತಿ ಎದುರು ಭಕ್ತಿಗೀತೆ ನಡೆಯುವಾಗ, ಕೋರಸ್ ಒತ್ತಲು ಹೋಗಿ ಪಕ್ಕದ ಆಟೋ ವಾ ಒತ್ತಿಬಿಟ್ಟೆ. ಬಾತುಕೋಳಿ ಕೂಗಿದ ಹಾಗಾಯಿತು. ಮುಂದಿನ ಸಾಲಿನ ಮಕ್ಕಳು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ದೊಡ್ಡ ಬೋರ್ಡ್ ಮಾಡಿಕೊಂಡವರು ದಯವಿಟ್ಟು ದಾರಿ ಹೇಳಿ.

ಕುಮಟಾ ಕೀಬೋರ್ಡ್

ಅರ್ಧ ಮಾರಿಬಿಡಿ. 😀 ಕ್ಷಮಿಸಿ, ತಡೆಯಲಾಗಲಿಲ್ಲ.

ಶಿರಸಿ ಸೌಂಡ್

ನಾನು ಬೇಸ್ ನುಡಿಸುವವನಲ್ಲ, ಸೌಂಡ್ ಹಾಕುವವನು. ಹಾಗಾಗಿ ಕರೆಂಟಿನ ಮಾತು ಮಾತ್ರ ಹೇಳುತ್ತೇನೆ. ನಿಮ್ಮ ಜುಂ ಬೇರೆ, ಕುಂಯ್ ಬೇರೆ. ಎರಡನ್ನೂ ಒಂದೇ ಕಾಯಿಲೆ ಅಂದುಕೊಳ್ಳಬೇಡಿ.

ಕುಂಯ್ ಅನ್ನುವುದು ಡಿಲೇ ಮತ್ತು ರಿವರ್ಬಿನದು. ಸಾದಾ ಅನಲಾಗ್ ಪೆಡಲ್‌ಗಳು ಹೆಚ್ಚಿನವು 5ರಿಂದ 30 ಮಿಲಿಆಂಪಿಯರ್ ತಿನ್ನುತ್ತವೆ. ಡಿಜಿಟಲ್ ಪೆಡಲ್‌ಗಳಿಗೆ 100, ಕೆಲವಕ್ಕೆ 300 ಕೂಡ ಬೇಕು. ಎಲ್ಲ ಕೂಡಿಸಿದರೂ ನಿಮ್ಮದು 1 ಆಂಪಿಯರ್ ಆಸುಪಾಸು. ಅಂದರೆ ಕರೆಂಟು ಸಾಲದೆ ಹೀಗಾಗುತ್ತಿಲ್ಲ. ಡಿಜಿಟಲ್ ಚಿಪ್ಪು ಒಳಗೊಳಗೇ ಲಕ್ಷಾಂತರ ಸಲ ಆನ್-ಆಫ್ ಆಗುತ್ತಿರುತ್ತದೆ. ಆ ಗಲಾಟೆ ಮಾಲೆಯ ಒಂದೇ ಗ್ರೌಂಡ್ ವೈರಿನಲ್ಲಿ ಹರಿದು ನಿಮ್ಮ ಫಜ್ಜಿಗೂ ಬರುತ್ತದೆ. ಪಕ್ಕದ ತೋಟದವರು ಪಂಪ್ ಹಾಕಿದರೆ ನಮ್ಮನೆ ಬಲ್ಬು ಮಿಣುಕುತ್ತದಲ್ವಾ, ಹಾಗೆ. ಪ್ರತಿ ಬಾಯಿಯೂ ಬೇರೆ ಬೇರೆ ಇರುವ ಐಸೊಲೇಟೆಡ್ ಪವರ್ ಸಪ್ಲೈ ತೆಗೆದುಕೊಳ್ಳಿ. ಈಗಲೇ ದುಡ್ಡಿಲ್ಲ ಅಂದರೆ ಎರಡು ಡಿಜಿಟಲ್ ಪೆಡಲ್‌ಗೂ ಒಂದೊಂದು ಬೇರೆ ಅಡಾಪ್ಟರ್ ಕೊಡಿ. ಅರ್ಧ ನೋವು ಅಲ್ಲೇ ಹೋಗುತ್ತದೆ. ಕೊಳ್ಳುವಾಗ 9 ವೋಲ್ಟ್, ನಡುವಿನ ಪಿನ್ ನೆಗೆಟಿವ್ ಇದೆಯಾ ಅಂತ ಕಣ್ಣಾರೆ ನೋಡಿ.

ಜುಂ ಅನ್ನುವುದು 50 ಹರ್ಟ್ಸಿನದು. ಅದನ್ನು ಈಕ್ಯೂದಲ್ಲಿ ಕತ್ತರಿಸಲು ಹೋಗಬೇಡಿ. ನಿಮ್ಮ ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರವೇ 49 ಹರ್ಟ್ಸ್. ಜುಂ ಕತ್ತರಿಸಿದರೆ ಸ್ವರವೂ ಹೋಯಿತು. ನಿಮ್ಮ ಆಂಪ್ ಒಂದು ಸಾಕೆಟ್ಟಿನಲ್ಲಿ, ನಮ್ಮ ಮಿಕ್ಸರ್ ದೂರದ ಇನ್ನೊಂದರಲ್ಲಿ ಇದ್ದರೆ ಡಿಐ ಮೇಲಿನ ಗ್ರೌಂಡ್ ಲಿಫ್ಟ್ ಬಟನ್ ಒತ್ತಿ ನೋಡಿ. ಮನೆಯಲ್ಲೂ ಜುಂ ಅಂದರೆ ಬೋರ್ಡಿನಲ್ಲೇ ಎಲ್ಲೋ ಕೇಬಲ್ ಹಾಳಾಗಿದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಜುಂ ಹೋಗಲಿ ಅಂತ ಆಂಪಿನ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತಿಂಗ್ ಪಿನ್ ಮುರಿಯುವವರಿದ್ದಾರೆ. ಒಂದು ಜಾತ್ರೆಯಲ್ಲಿ ಜನರೇಟರಿಗೆ ಅರ್ತಿಂಗ್ ರಾಡೇ ಹೊಡೆದಿರಲಿಲ್ಲ. ಗಿಟಾರ್ ಹಿಡಿದು ಹಾಡುತ್ತಿದ್ದ ಹುಡುಗನ ತುಟಿ ಮೈಕಿಗೆ ತಾಗಿ ಚುರ್ ಅಂದಿತು. ಅವನ ಪುಣ್ಯ, ಅಷ್ಟರಲ್ಲೇ ಮುಗಿಯಿತು. ಅರ್ತಿಂಗ್ ಜೊತೆ ಆಟ ಬೇಡ ಮಾರಾಯಾ.

ಹೊನ್ನಾವರದ ಹಳಬ

ಶಿರಸಿಯವರು ಕರೆಂಟಿನ ಬಗ್ಗೆ ಹೇಳಿದ್ದು ಸರಿ. ಉಳಿದದ್ದು ನಾನು ಹೇಳುತ್ತೇನೆ ತಮಾ. ನಾನು ಮೊದಲು ಕೊಂಡ ಪೆಡಲ್ ಬಾಸ್ ಕಂಪನಿಯ ಓಸಿ-2, ಸೆಕೆಂಡ್ ಹ್ಯಾಂಡ್. ಅದು 1982ರಲ್ಲಿ ಬಂದ ಮಾಡೆಲ್. ಬಾಸ್ ಪೆಡಲ್ಲಿಗೆ ಬೇಸ್ ಹಾಕಿದೆ ಅಂದರೆ ಊರಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ನಿಮ್ಮ ಆಕ್ಟೇವ್ ಎರಡು ಓವರ್‌ಡ್ರೈವ್ ಆದಮೇಲೆ ಇದೆ. ಅದನ್ನು ಮುಂದಕ್ಕೆ ತನ್ನಿ. ಅದಕ್ಕೆ ಸ್ವಚ್ಛವಾದ ಒಂದೇ ಸ್ವರ ಬೇಕು, ಇಲ್ಲದಿದ್ದರೆ ತೊದಲುತ್ತದೆ. ಆಟೋ ವಾ ಕೂಡ ಹಾಗೇ. ಬೆರಳು ಎಷ್ಟು ಜೋರಾಗಿ ಬಿತ್ತು ಅನ್ನುವುದನ್ನು ನೋಡಿಯೇ ಅದು ಬಾಯಿ ತೆರೆಯುವುದು. ಕಂಪ್ರೆಸರ್ ಮೊದಲೇ ಎಲ್ಲವನ್ನೂ ಸಮ ಮಾಡಿಟ್ಟರೆ ಅದಕ್ಕೆ ಕೆಲಸವೇ ಇಲ್ಲ. ಹಾಗಾಗಿ ಟ್ಯೂನರ್, ಆಕ್ಟೇವ್, ವಾ, ಕಂಪ್ರೆಸರ್, ಫಜ್, ಓವರ್‌ಡ್ರೈವ್‌ಗಳು, ಈಕ್ಯೂ, ಫೇಸರ್, ಕೋರಸ್, ಡಿಲೇ, ರಿವರ್ಬ್, ಡಿಐ. ನಿಮ್ಮ ಫಜ್ ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರಿನ ನಮೂನೆಯದಾದರೆ ಮಾತ್ರ ಟ್ಯೂನರಿಗಿಂತಲೂ ಮುಂದೆ ಇಟ್ಟು ನೋಡಿ. ಅದಕ್ಕೆ ನೇರ ಪಿಕಪ್ಪೇ ಇಷ್ಟ.

ಆಕ್ಟೇವನ್ನು ಕೆಳಗಿನ ತಂತಿಯಲ್ಲಿ ಒತ್ತಬೇಡಿ. ಖಾಲಿ ಇ ತಂತಿ 41 ಹರ್ಟ್ಸ್. ಅದರ ಕೆಳಗಿನ ಆಕ್ಟೇವ್ ಸುಮಾರು 20. ಯಾವ ಸ್ಪೀಕರ್ ಅದನ್ನು ನುಡಿಸುತ್ತದೆ? ಏಳನೇ ಫ್ರೆಟ್ಟಿನ ಮೇಲೆ, ಎ ಮತ್ತು ಡಿ ತಂತಿಯಲ್ಲಿ ನುಡಿಸಿದರೆ ಬೆಣ್ಣೆಯ ಹಾಗೆ ಬರುತ್ತದೆ.

ಫಜ್ ಒತ್ತಿದಾಗ ತಳ ಮಾಯವಾಗುವುದು ಎಲ್ಲ ಬೇಸ್‌ನವರ ಗೋಳು. ಹಲವು ಫಜ್‌ಗಳನ್ನು ಮಾಡಿದ್ದೇ ಆರು ತಂತಿಯ ಗಿಟಾರಿಗೆ. ಸ್ವಚ್ಛ ಸದ್ದನ್ನೂ ಬೆರೆಸುವ ಬ್ಲೆಂಡ್ ಗುಬುಟು ಇರುವ ಫಜ್ ಆದರೆ ಸರಿ, ಇಲ್ಲದಿದ್ದರೆ ಬಾಸ್ ಎಲ್‌ಎಸ್-2 ಲೈನ್ ಸೆಲೆಕ್ಟರ್ ಒಂದು ತನ್ನಿ, ಸಿಗ್ನಲನ್ನು ಎ, ಬಿ ಅಂತ ಎರಡು ದಾರಿ ಮಾಡಿ ಮತ್ತೆ ಕೂಡಿಸುವ ಪೆಡಲ್ ಅದು. ಎ+ಬಿ ಮಿಕ್ಸ್‌ನಲ್ಲಿಡಿ. ಎ ಸೆಂಡಿನಿಂದ ಎ ರಿಟರ್ನಿಗೆ ಬರೀ ಒಂದು ಪ್ಯಾಚ್ ಕೇಬಲ್ (ಪೆಡಲ್ ಜೋಡಿಸುವ ಗಿಡ್ಡ ವೈರು), ಅದು ಸ್ವಚ್ಛ ಬೇಸ್. ಬಿ ಕಡೆ ಫಜ್ ಮತ್ತು ಒಂದು ಓವರ್‌ಡ್ರೈವ್, ಎರಡೂ ಯಾವಾಗಲೂ ಆನ್. ಒಂದೇ ಒತ್ತಿಗೆ ಎರಡೂ ಬಂದವು, ತಳವೂ ಉಳಿಯಿತು. ಕೂಡಿಸಿದಾಗ ಸದ್ದು ದಪ್ಪವಾಗುವ ಬದಲು ಬಡಕಲಾದರೆ, ಬಿ ಕಡೆಯ ಯಾವುದೋ ಪೆಡಲ್ ಅಲೆಯನ್ನು ತಲೆಕೆಳಗು ಮಾಡುತ್ತಿದೆ ಅಂತ ಅರ್ಥ. ಒಂದನ್ನು ತೆಗೆದು ನೋಡಿ.

ಇನ್ನು ಬಾತುಕೋಳಿಯ ವಿಷಯ. ಸಿಗ್ನಲ್ ಹೋಗುವ ಸಾಲು ಬೇರೆ, ಕಾಲು ಹೋಗುವ ಸಾಲು ಬೇರೆ. ಕೇಬಲ್ ಕೆಳಗಿಂದ ಎಲ್ಲಿಂದೆಲ್ಲಿಗೆ ಬೇಕಾದರೂ ಹೋಗಲಿ. ನಿಮ್ಮ ಹಾಡುಗಳ ಪಟ್ಟಿ ಬರೆದು, ಯಾವ ಹಾಡಿಗೆ ಯಾವುದನ್ನು ಒತ್ತುತ್ತೀರಿ ಅಂತ ಗೀಟು ಹಾಕಿ. ಜಾಸ್ತಿ ಗೀಟು ಬಿದ್ದವು ಮುಂದಿನ ಸಾಲಿಗೆ. ಕಂಪ್ರೆಸರ್, ಈಕ್ಯೂ, ಡಿಐ ಇವನ್ನು ಹಾಡಿನ ನಡುವೆ ಮುಟ್ಟುವುದೇ ಇಲ್ಲ, ಹಿಂದೆ ಇರಲಿ. ವಾ ಪೆಡಲ್ ಒಂದು ಮೂಲೆಗೆ. ಹಿಂದಿನ ಸಾಲನ್ನು ನಾಲ್ಕೈದು ಸೆಂಟಿಮೀಟರ್ ಎತ್ತರಿಸಿ.

ಮರ ಕೊಯ್ಯುವ ಮೊದಲು ದಿನಪತ್ರಿಕೆ ಹಾಸಿ ಅದರ ಮೇಲೆ ಜೋಡಿಸಿ. ಬಾಸ್ ಪೆಡಲ್ 73 ಮಿಲಿಮೀಟರ್ ಅಗಲ. ಏಳು ಇಟ್ಟರೆ 511. ನಡುವೆ ಕೇಬಲ್ ಪಿನ್ನಿಗೆ 30ರಂತೆ ಆರು ಸಂದು, ಅಲ್ಲಿಗೆ 691. ಅಂದರೆ 80 ಸೆಂಟಿಮೀಟರ್ ಹಲಗೆ ಸಾಕು. ಮತ್ತೆ, ಬರಿಗಾಲಲ್ಲಿ ನಿಂತು ಅಳತೆ ನೋಡಬೇಡಿ. ಶೋಗೆ ಹಾಕುವ ಶೂ ಹಾಕಿಕೊಳ್ಳಿ.

ಕೋಡಿಬಾಗ ಬೇಸ್

ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಶಿರಸಿಯವರೇ, ಡಿಲೇ, ರಿವರ್ಬಿಗೆ ಬೇರೆ ಅಡಾಪ್ಟರ್ ಕೊಟ್ಟ ಕೂಡಲೇ ಸೊಳ್ಳೆ ಸತ್ತಿತು. ಜುಂ ಉಳಿದಿತ್ತು. 13 ಪೆಡಲ್ ಅಂದರೆ 12 ಪ್ಯಾಚ್ ಕೇಬಲ್, 24 ಪಿನ್ನು, ನಮ್ಮ ಸೌಂಡಿನವರು ಪಿ-38 ಅನ್ನುವುದು. ಒಂದೊಂದೇ ನೋಡುವ ಬದಲು ಅರ್ಧಕ್ಕೆ ಕತ್ತರಿಸುತ್ತಾ ಹೋದೆ. ಮೊದಲ ಆರು ಮಾತ್ರ ಆಂಪಿಗೆ ಹಾಕಿದೆ, ಜುಂ ಇಲ್ಲ. ಉಳಿದ ಅರ್ಧದಲ್ಲಿ ಮತ್ತೆ ಅರ್ಧ. ನಾಲ್ಕನೇ ಸಲಕ್ಕೆ ಸಿಕ್ಕಿತು. ಕೋರಸ್ ಮತ್ತು ಫೇಸರ್ ನಡುವಿನ ಕೇಬಲ್ಲಿನ ಪಿನ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು, ಶೀಲ್ಡ್ ವೈರು ಮುಟ್ಟಿದರೆ ಪುಡಿ. ಮಳೆಗಾಲ ಪೂರ್ತಿ ಬೋರ್ಡು ಸಮುದ್ರದ ಕಡೆಯ ವರಾಂಡದಲ್ಲಿತ್ತು. ಉಪ್ಪುಗಾಳಿ ಗೇಟಿನ ಬೀಗವನ್ನೇ ಬಿಡುವುದಿಲ್ಲ, ಇದನ್ನು ಬಿಡುತ್ತದಾ? ತಪ್ಪೊಪ್ಪಿಗೆ ಇನ್ನೂ ಒಂದಿದೆ. ಜುಲೈನಲ್ಲಿ ಅದೇ ಬೀಗಕ್ಕೆ ಹಾಕುವ ಹಾಗೆ ಪಿನ್ನುಗಳಿಗೆ ತೆಂಗಿನೆಣ್ಣೆ ಸವರಿದ್ದೆ. ಧೂಳೆಲ್ಲ ಅಂಟಿಕೊಂಡಿತ್ತು. ಈಗ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಬೋರ್ಡನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿ ಇಡುತ್ತಿದ್ದೇನೆ.

ಹಲಗೆಯನ್ನು ಬೈತಖೋಲದಲ್ಲಿ ಬೋಟು ರಿಪೇರಿ ಮಾಡುವ ಆಚಾರಿಯೊಬ್ಬರು ಮಾಡಿಕೊಟ್ಟರು. ಮರೈನ್ ಪ್ಲೈವುಡ್, 80ಕ್ಕೆ 40, ನಡುನಡುವೆ ಸಂದು ಬಿಟ್ಟ ಪಟ್ಟಿಗಳು. ಸ್ಕ್ರೂ ಎಲ್ಲ ಸ್ಟೀಲಿನದೇ ಆಗಬೇಕು ಅಂತ ಹಟ ಮಾಡಿದರು. ಇದು ಯಾವ ಬೋಟಿನ ಭಾಗ ಅಂತ ಕೇಳಿದರು, ನಾನು ವಿವರಿಸಿದೆ, ಅವರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಹೊನ್ನಾವರದವರೇ, ಗೀಟು ಹಾಕಿದಾಗ ಗೊತ್ತಾಯಿತು, ಫೇಸರಿಗೆ ಒಂದೂ ಗೀಟಿಲ್ಲ. ಆದರೂ ಇಟ್ಟುಕೊಂಡೆ. ಎಲ್‌ಎಸ್-2 ಸೆಕೆಂಡ್ ಹ್ಯಾಂಡ್ ಸಿಕ್ಕಿತು, ಹಾಗಾಗಿ ಈಗ 14. ಕಳೆದ ಶನಿವಾರ ಫಜ್ ಒತ್ತಿದಾಗ ಡ್ರಮ್ಮರ್ ತಿರುಗಿ ನೋಡಿದ, ಏನೂ ಹೇಳಲಿಲ್ಲ. ಪೆಟ್ಟಿಗೆ ಸಮೇತ 15 ಕೆಜಿ ಆಗಿದೆ. ಆಟೋದ ಹಿಂದಿನ ಸೀಟಿನಲ್ಲಿ ಅದು ಅಡ್ಡಡ್ಡ ಸರಿಯಾಗಿ ಕೂರುತ್ತದೆ. ನಾನು ಬೇಸ್ ತಬ್ಬಿಕೊಂಡು ಡ್ರೈವರ್ ಪಕ್ಕ ಅರ್ಧ ಹೊರಗೆ ಕೂರುತ್ತೇನೆ.

ಕುಮಟಾ ಕೀಬೋರ್ಡ್

ಫೇಸರ್ ಎಷ್ಟಕ್ಕೆ ಕೊಡುತ್ತೀರಿ?