ಎಎ ಸೆಲ್ ಹಾಕುವ ಜಿಪಿಎಸ್: ರೀಚಾರ್ಜಬಲ್ ಹಾಕಿದರೆ ಮಧ್ಯಾಹ್ನಕ್ಕೇ ಕೈ ಕೊಡುತ್ತಿದೆ

ಕಾಲುದಾರಿ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಎರಡು ಎಎ ಸೆಲ್ ಹಾಕುವ ಜಿಪಿಎಸ್. ಬಟನ್ ಇರುವ ಮಾದರಿ, ಟಚ್ ಇಲ್ಲ. ಅಲ್ಕಲೈನ್ ಸೆಲ್ ಹಾಕಿದರೆ ಶನಿವಾರ, ಭಾನುವಾರ ಎರಡೂ ದಿನ ನಡೆದರೂ ಚಿಂತೆ ಇಲ್ಲ. ಆದರೆ ಪ್ರತಿ ಸಲ ಸೆಲ್ ಬಿಸಾಡುವುದಕ್ಕೆ ಮನಸ್ಸು ಬರಲಿಲ್ಲ. ಅದಕ್ಕೇ ನಾಲ್ಕು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ತಗೊಂಡೆ, ಜೊತೆಯಲ್ಲೇ ಚಾರ್ಜರ್ ಕೂಡ ಬಂತು. ಸೆಲ್ ಮೇಲೆ 2800 ಎಂಎಎಚ್ (ಮಿಲಿಆಂಪ್ ಅವರ್, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ದಪ್ಪಕ್ಷರದಲ್ಲಿ ಬರೆದಿದೆ.

ತೊಂದರೆ ಏನೆಂದರೆ, ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಿಗ್ಗೆ ಹಾಕಿದರೂ ಬ್ಯಾಟರಿ ಗುರುತು ಅರ್ಧವೇ ತೋರಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಕಡಿಮೆ ಇದೆ ಅಂತ ಎಚ್ಚರಿಕೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಜಿಪಿಎಸ್ಸೇ ಆಫ್. ದಾರಿಯ ದಾಖಲೆ ಅರ್ಧಕ್ಕೇ ತುಂಡಾಗುತ್ತದೆ. ವಿಚಿತ್ರ ಏನು ಗೊತ್ತಾ? ಆಫ್ ಆದ ಮೇಲೆ ಅದರಲ್ಲಿದ್ದ ಒಂದು ಸೆಲ್ ತೆಗೆದು ನನ್ನ ಒಂಟಿ ಸೆಲ್ಲಿನ ಟಾರ್ಚಿಗೆ ಹಾಕಿದರೆ ಚೆನ್ನಾಗಿಯೇ ಉರಿಯುತ್ತದೆ!

ಈಗ ಏನು ಮಾಡಲಿ? 3000 ಎಂಎಎಚ್ ಅಂತ ಬರೆದಿರುವ ಸೆಲ್ ತಗೊಳ್ಳಲಾ? ಯುಎಸ್‌ಬಿಯಲ್ಲಿ ಚಾರ್ಜ್ ಆಗುವ 1.5 ವೋಲ್ಟ್ ಲಿಥಿಯಂ ಸೆಲ್ ಒಳ್ಳೇದಾ? ಇಲ್ಲ ಬ್ಯಾಟರಿ ಒಳಗೇ ಇರುವ ಹೊಸ ಜಿಪಿಎಸ್ಸೇ ತಗೊಂಡುಬಿಡಲಾ?

ಮಳೆಕೋಟು:

ಸುಮ್ನೆ ಅಲ್ಕಲೈನ್ ಹಾಕಿಕೊಂಡು ಆರಾಮಾಗಿರಿ. ರೀಚಾರ್ಜಬಲ್ ಎಲ್ಲ 1.2 ವೋಲ್ಟ್, ಜಿಪಿಎಸ್‌ಗೆ 1.5 ಬೇಕು. ಸಾಲುವುದೇ ಇಲ್ಲ.

ಸರ್ವೆಕಲ್ಲು:

ಮಳೆಕೋಟು ಅವರೇ, ಹಾಗೇನಿಲ್ಲ. ಸ್ವಲ್ಪ ತಡೆಯಿರಿ, ಹೇಳುತ್ತೇನೆ.

ನಾನು ಜಮೀನು, ನೆಡುತೋಪುಗಳ ಗಡಿ ಸುತ್ತಿ ಅಳತೆ ತೆಗೆಯುವವನು. ಬೆಳಿಗ್ಗೆ ಆನ್ ಮಾಡಿದ ಜಿಪಿಎಸ್ ಸಂಜೆಯವರೆಗೂ ಆರುವಂತಿಲ್ಲ. ಆರಿದರೆ ಗಡಿ ಮತ್ತೆ ಮೊದಲಿಂದ ಸುತ್ತಬೇಕು. ಇಷ್ಟೂ ಕೆಲಸ ರೀಚಾರ್ಜಬಲ್ ಸೆಲ್ಲಿನಲ್ಲೇ ನಡೆಯುತ್ತಿದೆ.

ಕಾಲುದಾರಿ ಅವರೇ, ನೀವು ಹೇಳಿದ್ದರಲ್ಲಿ ಎರಡು ತೊಂದರೆ ಬೆರೆತುಹೋಗಿವೆ. ಗುರುತು ಅರ್ಧ ತೋರಿಸುವುದು ಒಂದು, ನಿಜವಾಗಿಯೂ ಆಫ್ ಆಗುವುದು ಇನ್ನೊಂದು. ಎರಡಕ್ಕೂ ಕಾರಣ ಬೇರೆ ಬೇರೆ.

ಮೊದಲು ಗುರುತಿನ ವಿಷಯ. ಅಲ್ಕಲೈನ್ ಸೆಲ್ 1.5 ವೋಲ್ಟಿಗಿಂತ ಸ್ವಲ್ಪ ಮೇಲೇ ಶುರುವಾಗಿ, ಬಳಸುತ್ತ ಹೋದಂತೆ ನಿಧಾನವಾಗಿ ಇಳಿಯುತ್ತ ಹೋಗುತ್ತದೆ. ಅದು 1.2ಕ್ಕೆ ಬಂತು ಅಂದರೆ ಒಳಗಿನ ಸರಕು ಸುಮಾರು ಅರ್ಧ ಖಾಲಿಯಾಗಿದೆ ಅಂತಲೇ ಅರ್ಥ. ನಿಕಲ್ ಸೆಲ್ಲಿನ ಸ್ವಭಾವ ಹಾಗಲ್ಲ. ಅದು ಬೇಗ 1.2ರ ಆಸುಪಾಸಿಗೆ ಬಂದು, ಬಹಳ ಹೊತ್ತು ಅಲ್ಲೇ ಸಮನಾಗಿ ನಿಲ್ಲುತ್ತದೆ. ಕೊನೆಯಲ್ಲಿ ಒಮ್ಮೆಲೇ ಧೊಪ್ಪನೆ ಬೀಳುತ್ತದೆ. ಜಿಪಿಎಸ್‌ಗೆ ಕಾಣುವುದು ವೋಲ್ಟ್ ಮಾತ್ರ. ಒಳಗಿರುವುದು ಅಲ್ಕಲೈನ್ ಅಂತ ಅದು ತಿಳಿದುಕೊಂಡಿದ್ದರೆ 1.2 ಕಂಡ ತಕ್ಷಣ ಅರ್ಧ ಅನ್ನುತ್ತದೆ. ಪಾಪ, ಅದರ ತಪ್ಪಲ್ಲ.

ಸೆಟಪ್‌ಗೆ ಹೋಗಿ, ಸಿಸ್ಟಮ್ ಒಳಗೆ ಬ್ಯಾಟರಿ ಟೈಪ್ ಅಂತ ಇರುತ್ತದೆ, ನೋಡಿ. ಗಾರ್ಮಿನ್ ಕಂಪನಿಯ ಇಟ್ರೆಕ್ಸ್, ಜಿಪಿಎಸ್‌ಮ್ಯಾಪ್ ಥರದ ಮಾದರಿಗಳಲ್ಲಿ ಅಲ್ಕಲೈನ್, ಲಿಥಿಯಂ, ನಿಕಲ್ ಅಂತ ಆಯ್ಕೆಗಳಿವೆ. ನಿಕಲ್ ಆರಿಸಿ. ಇದರಿಂದ ಸೆಲ್ಲಿನಲ್ಲಿ ಒಂದು ಹನಿ ಕರೆಂಟೂ ಜಾಸ್ತಿಯಾಗುವುದಿಲ್ಲ. ಗುರುತು ಸರಿಯಾಗಿ ತೋರಿಸುತ್ತದೆ, ಎಚ್ಚರಿಕೆ ಸರಿಯಾದ ಹೊತ್ತಿಗೆ ಬರುತ್ತದೆ, ಅಷ್ಟೇ.

ಇನ್ನು ಆಫ್ ಆಗುವ ವಿಷಯ. ನನಗೆ ಅನುಮಾನ ಇರುವುದು ನಿಮ್ಮ ಟಾರ್ಚಿನ ಮಾತಿನ ಮೇಲೇ. ನೀವು ಟಾರ್ಚಿಗೆ ಹಾಕಿದ್ದು ಒಂದು ಸೆಲ್. ಇನ್ನೊಂದನ್ನು ಹಾಕಿ ನೋಡಿದ್ದೀರಾ? ಜಿಪಿಎಸ್ ಒಳಗೆ ಎರಡೂ ಸೆಲ್ ಒಂದರ ಹಿಂದೊಂದು ಜೋಡಿಸಿರುತ್ತವೆ. ಒಂದರಲ್ಲಿ ಹರಿದಷ್ಟೇ ಕರೆಂಟ್ ಇನ್ನೊಂದರಲ್ಲೂ ಹರಿಯಬೇಕು. ಎರಡರಲ್ಲಿ ಒಂದು ಬಡಕಲಾಗಿದ್ದರೆ ಅದು ಮೊದಲು ಖಾಲಿಯಾಗುತ್ತದೆ, ಒಟ್ಟು ವೋಲ್ಟ್ ಬಿದ್ದುಹೋಗುತ್ತದೆ. ಗಟ್ಟಿ ಸೆಲ್ಲಿನಲ್ಲಿ ಅರ್ಧ ಉಳಿದಿದ್ದರೂ ಪ್ರಯೋಜನ ಇಲ್ಲ. ಅಷ್ಟೇ ಅಲ್ಲ, ಖಾಲಿಯಾದ ಸೆಲ್ಲಿನ ಮೂಲಕ ಗಟ್ಟಿಯಾದದ್ದು ಕರೆಂಟ್ ನೂಕುತ್ತಲೇ ಇದ್ದರೆ ಬಡಕಲು ಸೆಲ್ಲಿನ ಪ್ಲಸ್ ಮೈನಸ್ ಉಲ್ಟಾ ಆಗಿ ಅದು ಇನ್ನಷ್ಟು ಹಾಳಾಗುತ್ತದೆ. ಸಲದಿಂದ ಸಲಕ್ಕೆ ಸಮಯ ಕಡಿಮೆಯಾಗುತ್ತ ಬಂದಿದೆಯಾ, ನೆನಪು ಮಾಡಿಕೊಳ್ಳಿ.

ಮಲ್ಟಿಮೀಟರ್ ಇದ್ದರೆ ಆಫ್ ಆದ ಕೂಡಲೇ ಎರಡನ್ನೂ ತೆಗೆದು ಬೇರೆ ಬೇರೆ ಅಳೆಯಿರಿ. ತಡ ಮಾಡಬೇಡಿ. ಸೆಲ್ ಸುಮ್ಮನೆ ಇಟ್ಟರೆ ವೋಲ್ಟ್ ಮತ್ತೆ ಮೇಲೆ ಬಂದುಬಿಡುತ್ತದೆ, ಆಮೇಲೆ ಅಳೆದರೆ ಏನೂ ಗೊತ್ತಾಗುವುದಿಲ್ಲ.

3000 ಎಂಎಎಚ್ ಅಂತೂ ಮರೆತುಬಿಡಿ. ಎಎ ಸೆಲ್ಲಿನ ಡಬ್ಬಿ ಎಲ್ಲರಿಗೂ ಒಂದೇ ಅಳತೆ, ಅದರೊಳಗೆ ಎಷ್ಟು ತುರುಕಲು ಸಾಧ್ಯ? ಜಾಸ್ತಿ ತುರುಕಿದ ಸೆಲ್ ಆಯಸ್ಸನ್ನು ಬಿಟ್ಟುಕೊಡುತ್ತದೆ. ನನ್ನ ಹತ್ತಿರ ಇರುವ ಎನೆಲೂಪ್ ಅನ್ನುವ ಮಾಮೂಲಿ ನಿಕಲ್ ಸೆಲ್ಲಿನ ಪೊಟ್ಟಣದ ಮೇಲೆ ಕನಿಷ್ಠ 1900 ಎಂಎಎಚ್, 2100 ಸಲ ಚಾರ್ಜ್ ಮಾಡಬಹುದು ಅಂತ ಇದೆ. ಅದೇ ಕಂಪನಿಯ ಪ್ರೋ ಸೆಲ್ ಮೇಲೆ ಕನಿಷ್ಠ 2500, ಆದರೆ 500 ಸಲ ಮಾತ್ರ. ಎಲ್ಲ ಬಿಟ್ಟುಕೊಟ್ಟು ತುರುಕಿದರೂ 2500ರ ಆಸುಪಾಸು. ಹಾಗಿರುವಾಗ 3000 ಎಲ್ಲಿಂದ ಬರಬೇಕು?

ನೋಡಬೇಕಾದದ್ದು ಬೇರೆ. ಹಳೇ ಥರದ ನಿಕಲ್ ಸೆಲ್ ಸುಮ್ಮನೆ ಕಪಾಟಿನಲ್ಲಿಟ್ಟರೂ ತಿಂಗಳಿಗೆ ಐದರಲ್ಲೊಂದು ಪಾಲಿನಷ್ಟೋ ಅದಕ್ಕಿಂತ ಜಾಸ್ತಿಯೋ ಸೋರಿಹೋಗುತ್ತದೆ. ಈ ಸೋರಿಕೆ ಬಹಳ ಕಡಿಮೆ ಇರುವ ಸೆಲ್ಲನ್ನು 2005ರಲ್ಲಿ ಸ್ಯಾನ್ಯೊ ತಂದಿತು, ಅದೇ ಎನೆಲೂಪ್. ಈಗ ಪ್ಯಾನಸಾನಿಕ್ ಹೆಸರಿನಲ್ಲಿ ಬರುತ್ತದೆ. ಬೇರೆ ಕಂಪನಿಗಳೂ ಇಂಥ ಸೆಲ್ ಮಾಡುತ್ತವೆ, ಪೊಟ್ಟಣದ ಮೇಲೆ ಮೊದಲೇ ಚಾರ್ಜ್ ಮಾಡಿದ್ದು ಅಂತ ಬರೆದಿರುತ್ತದೆ. ಬ್ಯಾಗಿನ ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದಿರುವ ಹೆಚ್ಚುವರಿ ಜೋಡಿ ಬೇಕಾದಾಗ ಕೆಲಸಕ್ಕೆ ಬರಬೇಕು ಅಂದರೆ ಇಂಥದ್ದೇ ಆಗಬೇಕು.

ಇಬ್ಬನಿ:

ನಾನು ಯುಎಸ್‌ಬಿ ತೂತು ಇರುವ 1.5 ವೋಲ್ಟ್ ಲಿಥಿಯಂ ಸೆಲ್ ಬಳಸುತ್ತೇನೆ. ಬೇರೆ ಚಾರ್ಜರ್ ಬೇಡ, ಪವರ್ ಬ್ಯಾಂಕಿಗೆ ಸಿಕ್ಕಿಸಿದರೆ ಆಯಿತು. ಸ್ಕ್ರೀನ್ ಬೆಳಕು ಕೊನೆಯವರೆಗೂ ಒಂದೇ ಸಮ ಇರುತ್ತದೆ. ತೂಕವೂ ಕಡಿಮೆ. ಸರ್ವೆಕಲ್ಲು ಅವರು ಸ್ವಲ್ಪ ಹಳೇ ಕಾಲದವರು ಅನ್ನಿಸುತ್ತದೆ. 🙂

ಸರ್ವೆಕಲ್ಲು:

ಹಳೇ ಕಾಲದವನೇ, ಬೇಜಾರಿಲ್ಲ. 🙂

ಆ ಸೆಲ್ ನಾನೂ ಹಾಕಿ ನೋಡಿದ್ದೇನೆ. ಒಳಗಿರುವುದು 3.7 ವೋಲ್ಟಿನ ಲಿಥಿಯಂ ಅಯಾನ್. ಅದರ ತಲೆಯ ಹತ್ತಿರ ಒಂದು ಪುಟ್ಟ ಸರ್ಕ್ಯೂಟ್ ಕೂತು ಅದನ್ನು 1.5ಕ್ಕೆ ಇಳಿಸಿ ಕೊಡುತ್ತದೆ. ಒಳಗಿನದು ಎಷ್ಟೇ ಖಾಲಿಯಾಗಲಿ, ಹೊರಗೆ ಮಾತ್ರ 1.5. ಅಂದರೆ ಜಿಪಿಎಸ್‌ನಲ್ಲಿ ಗುರುತು ಬೆಳಿಗ್ಗೆಯಿಂದ ತುಂಬಿಯೇ ಇರುತ್ತದೆ. ಎಚ್ಚರಿಕೆ ಬರುವುದಿಲ್ಲ, ಒಂದು ಗಳಿಗೆಯಲ್ಲಿ ಪುಸಕ್ಕನೆ ಆಫ್. ಕೆಲವು ಸೆಲ್‌ಗಳು ಕೊನೆಯಲ್ಲಿ ಬೇಕೆಂದೇ ವೋಲ್ಟ್ ಇಳಿಸಿ ಸೂಚನೆ ಕೊಡುತ್ತವೆ, ಎಲ್ಲವೂ ಅಲ್ಲ. ಗಡಿ ಅಳೆಯುವಾಗ ನನಗೆ ಎಷ್ಟು ಉಳಿದಿದೆ ಅಂತ ಗೊತ್ತಿರಲೇಬೇಕು. ಆರಾಮಾಗಿ ಓಡಾಡುವವರಿಗೆ, ಜೊತೆಗೊಂದು ಜೋಡಿ ಇಟ್ಟುಕೊಂಡವರಿಗೆ ಅದು ಒಳ್ಳೆಯ ಸೆಲ್ಲೇ, ಇಲ್ಲ ಅನ್ನಲ್ಲ. ಇಳಿಸುವ ಸರ್ಕ್ಯೂಟಿನಿಂದ ರೇಡಿಯೋದಲ್ಲಿ ಗರಗರ ಸದ್ದು ಬರುವುದುಂಟು. ನನ್ನ ಜಿಪಿಎಸ್ ಸಿಗ್ನಲ್ ಹಿಡಿಯುವುದರಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ.

ಒಂದು ವಿಷಯಕ್ಕೆ ಮಾತ್ರ ಗಂಟಲು ಹರಿದು ಕೂಗುತ್ತೇನೆ. 14500 ಅಂತ ಬರೆದಿರುವ ಸೆಲ್ ನೋಡುವುದಕ್ಕೆ ಥೇಟ್ ಎಎ. ಆದರೆ ಅದರಲ್ಲಿ ಇಳಿಸುವ ಸರ್ಕ್ಯೂಟ್ ಇಲ್ಲ. ಪೂರ್ತಿ ಚಾರ್ಜ್ ಆದಾಗ ಒಂದಕ್ಕೆ 4.2 ವೋಲ್ಟ್, ಎರಡಕ್ಕೆ 8.4. ಜಿಪಿಎಸ್ ಕಾಯುತ್ತಿರುವುದು 3 ವೋಲ್ಟಿಗೆ. ಹಾಕಿದರೆ ಸುಟ್ಟುಹೋಗುತ್ತದೆ. ಕೊಳ್ಳುವಾಗ 1.5 ವೋಲ್ಟ್ ಅಂತ ಇದೆಯಾ ಅಂತ ಓದಿ ನೋಡಿ.

ಹಿಮದ ಹೆಜ್ಜೆ:

ಚಳಿ ಜಾಗಕ್ಕೆ ಹೋಗುವವರಿಗೆ ಒಂದು ಮಾತು. ಕೊರೆಯುವ ಚಳಿಯಲ್ಲಿ ಅಲ್ಕಲೈನ್ ಬೇಗ ಸುಸ್ತಾಗುತ್ತದೆ, ನಿಕಲ್ ವಾಸಿ. ಇನ್ನೂ ಕೆಳಗಿಳಿದರೆ ಒಮ್ಮೆ ಬಳಸಿ ಬಿಡುವ ಲಿಥಿಯಂ ಎಎ ಸೆಲ್ಲೇ ಸರಿ. ಮೈನಸ್ 40 ಡಿಗ್ರಿವರೆಗೂ ಕೆಲಸ ಮಾಡುತ್ತದೆ ಅಂತ ತಯಾರಕರು ಹೇಳುತ್ತಾರೆ. ತೂಕ 15 ಗ್ರಾಂ ಅಷ್ಟೇ, ನಿಕಲ್ ಸೆಲ್ 27ರ ಹತ್ತಿರ ಇರುತ್ತದೆ. ಆದರೆ ಅದನ್ನು ಚಾರ್ಜರಿಗೆ ಹಾಕಬಾರದು. ಹೆಚ್ಚುವರಿ ಸೆಲ್ ಯಾವುದೇ ಇರಲಿ, ಅಂಗಿಯ ಒಳಜೇಬಿನಲ್ಲಿ ಮೈಗೆ ಹತ್ತಿರ ಇಟ್ಟುಕೊಳ್ಳಿ.

ಕಾಲುದಾರಿ:

ಎಲ್ಲರಿಗೂ ಥ್ಯಾಂಕ್ಸ್. ಸೆಟ್ಟಿಂಗ್‌ನಲ್ಲಿ ಅಲ್ಕಲೈನ್ ಅಂತಲೇ ಇತ್ತು, ನಿಕಲ್ ಮಾಡಿದೆ. ಈಗ ಗುರುತು ತುಂಬಿ ತೋರಿಸುತ್ತದೆ. ಆದರೆ ಮಧ್ಯಾಹ್ನ ಮತ್ತೆ ಆಫ್ ಆಯಿತು. ತಕ್ಷಣ ಎರಡೂ ಸೆಲ್ ತೆಗೆದು ಮೀಟರ್ ಹಿಡಿದೆ. ಒಂದು 1.24, ಇನ್ನೊಂದು 0.97. ಆ 0.97ರದ್ದನ್ನು ಟಾರ್ಚಿಗೆ ಹಾಕಿದರೆ ಮಿಣುಕು ಬಂದು ಆರಿಹೋಯಿತು.

ಚಾರ್ಜರಿನಲ್ಲಿ ನಾಲ್ಕು ಸೆಲ್ ಕೂರುತ್ತವೆ, ಆದರೆ ದೀಪ ಎರಡೇ. ಒಂದೇ ಸೆಲ್ ಹಾಕಿದರೆ ದೀಪ ಹತ್ತುವುದೇ ಇಲ್ಲ. ಇದೇನಾ ಕಾರಣ?

ಸರ್ವೆಕಲ್ಲು:

ಸಿಕ್ಕಿತಲ್ಲ ಕಳ್ಳ! ದೀಪ ಎರಡೇ ಅಂದಾಗಲೇ ಗೊತ್ತಾಯಿತು. ಅದು ಜೋಡಿ ಚಾರ್ಜರ್. ಎರಡೆರಡು ಸೆಲ್ಲನ್ನು ಒಟ್ಟಿಗೆ ಒಂದೇ ಅಂತ ಲೆಕ್ಕ ಹಿಡಿದು ತುಂಬಿಸುತ್ತದೆ. ಒಂದರಲ್ಲಿ ಅರ್ಧ ಉಳಿದಿದೆ, ಇನ್ನೊಂದು ಪೂರ್ತಿ ಖಾಲಿ ಅಂತಿಟ್ಟುಕೊಳ್ಳಿ. ಅರ್ಧ ಇದ್ದದ್ದು ತುಂಬಿ ತುಳುಕಿ ಬಿಸಿಯಾಗುತ್ತದೆ, ಖಾಲಿ ಇದ್ದದ್ದು ಅರೆಹೊಟ್ಟೆಯಲ್ಲೇ ಎದ್ದು ಬರುತ್ತದೆ. ಎರಡೂ ಹಾಳು. ಅದರಲ್ಲೂ ರಾತ್ರಿಯಿಡೀ ಹಾಕುವ ಅಗ್ಗದ ಚಾರ್ಜರುಗಳು ಸೆಲ್ ತುಂಬಿತೋ ಇಲ್ಲವೋ ನೋಡುವುದೇ ಇಲ್ಲ, ಗಂಟೆ ಲೆಕ್ಕದಲ್ಲಿ ನಿಲ್ಲುತ್ತವೆ. ಕೆಲವು ನಿಲ್ಲುವುದೂ ಇಲ್ಲ.

ಒಂದೊಂದು ಸೆಲ್ಲಿಗೂ ಬೇರೆ ಬೇರೆ ದೀಪ ಇರುವ ಚಾರ್ಜರ್ ತಗೊಳ್ಳಿ. ನಿಕಲ್ ಸೆಲ್ ತುಂಬಿದಾಗ ಅದರ ವೋಲ್ಟ್ ತುತ್ತತುದಿಗೆ ಹೋಗಿ ಒಂದು ಕೂದಲೆಳೆಯಷ್ಟು ಕೆಳಗೆ ಬೀಳುತ್ತದೆ. ಕೆಲವೇ ಮಿಲಿವೋಲ್ಟ್. ಒಳ್ಳೆಯ ಚಾರ್ಜರ್ ಅದನ್ನೇ ಕಾದು ನಿಲ್ಲಿಸುತ್ತದೆ. ತೀರಾ ನಿಧಾನ ಚಾರ್ಜ್ ಮಾಡಿದರೆ ಆ ಇಳಿತ ಕಾಣುವುದೇ ಇಲ್ಲ, ಹಾಗಾಗಿ ನಿಧಾನವೇ ಒಳ್ಳೇದು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. 2000ದ ಸೆಲ್ಲಿಗೆ ನಾನು 1000 ಮಿಲಿಆಂಪ್ ಇಡುತ್ತೇನೆ. ಎರಡು ಗಂಟೆ ಮೇಲೆ ಸ್ವಲ್ಪ ಹೊತ್ತಿಗೆ ಮುಗಿಯುತ್ತದೆ. ಕೊನೆಯಲ್ಲಿ ಸೆಲ್ ಬೆಚ್ಚಗಾಗುವುದು ಸಹಜ. ಮುಟ್ಟಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಸುಟ್ಟರೆ ಏನೋ ಸರಿ ಇಲ್ಲ.

ಹೊಸ ಸೆಲ್ ಬಂದ ದಿನವೇ ಪರ್ಮನೆಂಟ್ ಮಾರ್ಕರಿನಲ್ಲಿ ಗುರುತು ಹಾಕಿಬಿಡಿ. ನನ್ನವುಗಳ ಮೇಲೆ ಕ1 ಕ2, ಚ1 ಚ2 ಅಂತ ಇದೆ, ಪಕ್ಕದಲ್ಲಿ ಕೊಂಡ ತಿಂಗಳು. ಕ1ಕ್ಕೆ ಕ2 ಬಿಟ್ಟು ಬೇರೆ ಜೊತೆ ಇಲ್ಲ. ಒಂದು ಹೋದರೆ ಜೋಡಿಯೇ ಜಿಪಿಎಸ್ ಕೆಲಸದಿಂದ ಹೊರಗೆ. ಉಳಿದ ಗಟ್ಟಿ ಸೆಲ್ ನಿಮ್ಮ ಒಂಟಿ ಸೆಲ್ಲಿನ ಟಾರ್ಚಿಗೆ ಆಗುತ್ತದೆ.

ಹೊಸ ಜಿಪಿಎಸ್ ಬೇಕಾ ಅಂತ ಕೇಳಿದ್ದಿರಿ, ಅಲ್ವಾ? ಒಳಗೇ ಬ್ಯಾಟರಿ ಇರುವ ಜಿಪಿಎಸ್‌ಮ್ಯಾಪ್ 67ಕ್ಕೆ ಗಾರ್ಮಿನ್ 180 ಗಂಟೆ ಹೇಳುತ್ತದೆ, ಎಎ ಹಾಕುವ ಇಟ್ರೆಕ್ಸ್ 32ಎಕ್ಸ್‌ಗೆ 25 ಗಂಟೆ. ಅಂಕಿ ನೋಡಿದರೆ ಆಸೆಯಾಗುತ್ತದೆ. ಆದರೆ ಒಳಗಿನ ಬ್ಯಾಟರಿಗೆ ವಯಸ್ಸಾದರೆ ಜಿಪಿಎಸ್ಸನ್ನೇ ರಿಪೇರಿಗೆ ಕೊಡಬೇಕು. ಎಎ ಆದರೆ ಮುಚ್ಚಳ ತೆಗೆದು ಬದಲಾಯಿಸಿದರೆ ಮುಗಿಯಿತು. ಜೇಬಿನಲ್ಲಿರುವ ಜೋಡಿಯ ಮೇಲೆ ನನಗೆ ಭರವಸೆ ಜಾಸ್ತಿ.

ಯುಎಸ್‌ಬಿ ವೈರ್ ಸಿಕ್ಕಿಸಿದರೆ ಜಿಪಿಎಸ್ ಒಳಗಿನ ಎಎ ಚಾರ್ಜ್ ಆಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ಇಟ್ರೆಕ್ಸ್ 32ಎಕ್ಸ್ ವೈರಿನ ಕರೆಂಟಿನಲ್ಲಿ ನಡೆಯುತ್ತದೆ, ಸೆಲ್ ತುಂಬಿಸುವುದಿಲ್ಲ. ಜಿಪಿಎಸ್‌ಮ್ಯಾಪ್ 64ರಲ್ಲಿ ಕಂಪನಿಯದೇ ನಿಕಲ್ ಪ್ಯಾಕ್ ಹಾಕಿದರೆ ಮಾತ್ರ ಚಾರ್ಜ್ ಆಗುತ್ತದೆ. ಸೆಲ್ ಕೂರುವ ಜಾಗದಲ್ಲಿ ಒಂದು ಚಿಕ್ಕ ಗುಂಡಿ ಇದೆ, ಆ ಪ್ಯಾಕ್ ಅದನ್ನು ಒತ್ತುತ್ತದೆ. ಯಾವುದೋ ಎಎ ಹಾಕಿ ಆ ಗುಂಡಿಯನ್ನು ಕಡ್ಡಿಯಿಂದ ಒತ್ತಿ ಚಾರ್ಜ್ ಮಾಡುವ ಜಾಣರೂ ಇದ್ದಾರೆ. ಒಳಗಿರುವುದು ಅಲ್ಕಲೈನ್ ಆಗಿದ್ದರೆ ಒಡೆದು ಸೋರುತ್ತದೆ, ಆ ಜಾಣತನ ಬೇಡ.

ಮಳೆಕೋಟು:

ಸರಿ ಸರ್, 1.2 ಸಾಲುವುದಿಲ್ಲ ಅಂದಿದ್ದು ವಾಪಸ್ ತಗೊಂಡೆ. ಆದರೆ ಸ್ಕ್ರೀನ್ ಬೆಳಕು ಕಡಿಮೆ ಮಾಡಿ ಅಂತ ಯಾರೂ ಹೇಳಲಿಲ್ಲವಲ್ಲ? ಬಿಸಿಲಲ್ಲಿ ಬೆಳಕು ಬೇಕಾಗಿಯೇ ಇಲ್ಲ. ಅದೊಂದು ಆರಿಸಿದರೆ ಯಾವ ಸೆಲ್ ಹಾಕಿದರೂ ಗಂಟೆಗಟ್ಟಲೆ ಜಾಸ್ತಿ ಬರುತ್ತದೆ.

ಸರ್ವೆಕಲ್ಲು:

ಸರಿಯಾಗಿ ಹೇಳಿದಿರಿ. ಬೆಳಕೇ ದೊಡ್ಡ ತಿನಿಬಾಕ.

ಕಾಲುದಾರಿ:

ಚಾರ್ಜರ್ ಬದಲಾಯಿಸುತ್ತೇನೆ. ಆ 0.97ರ ಸೆಲ್ ಏನು ಮಾಡಲಿ? ಇನ್ನೊಂದು ಜೋಡಿ ಇದೆಯಲ್ಲ, ಅದನ್ನು ನಂಬಬಹುದಾ?

ಸರ್ವೆಕಲ್ಲು:

ಹೊಸ ಚಾರ್ಜರಿನಲ್ಲಿ ರಿಫ್ರೆಶ್ ಅಂತ ಇದ್ದರೆ 0.97ರದ್ದಕ್ಕೆ ಎರಡು ಮೂರು ಸಲ ಕೊಟ್ಟು ನೋಡಿ. ಪೂರ್ತಿ ಖಾಲಿ ಮಾಡಿ ತುಂಬಿಸಿ, ಎಷ್ಟು ಎಂಎಎಚ್ ಹಿಡಿಯಿತು ಅಂತ ತೋರಿಸುತ್ತದೆ. ಮೇಲೆ ಬರಲಿಲ್ಲ ಅಂದರೆ ಎರಡು ತುದಿಗೂ ಟೇಪ್ ಸುತ್ತಿ ಇ-ತ್ಯಾಜ್ಯ ತಗೊಳ್ಳುವಲ್ಲಿ ಕೊಡಿ.

ಇನ್ನೊಂದು ಜೋಡಿಯನ್ನೂ ಹಾಗೇ ಪರೀಕ್ಷೆ ಮಾಡಿ. ಎರಡರ ಅಂಕಿ ಹತ್ತಿರ ಹತ್ತಿರ ಇದ್ದರೆ 2800 ಬದಲು 1800 ಬಂದರೂ ಪರವಾಗಿಲ್ಲ, ಬಳಸಿ. ಒಂದು 1900, ಇನ್ನೊಂದು 1100 ಅಂತ ಬಂದರೆ ಜಿಪಿಎಸ್‌ಗೆ ಬೇಡ. ಅಂಕಿ ಬಂದ ಮೇಲೆ ಇಲ್ಲೇ ಹಾಕಿ, ನೋಡೋಣ.