ಸಹಾಯ ಬೇಕು: ಆಲಿಸ್ ಸ್ಪ್ರಿಂಗ್ಸ್‌ನಿಂದ ಕೂಬರ್ ಪೀಡಿಗೆ ಕಾರೋ, ವಿಮಾನವೋ?

ಆಸ್ಟ್ರೇಲಿಯಾದ ಕನ್ನಡಿಗರೇ, ಜನವರಿಯಲ್ಲಿ ಅಪ್ಪ ಅಮ್ಮನನ್ನು ಆಲಿಸ್ ಸ್ಪ್ರಿಂಗ್ಸ್‌ನಿಂದ ಕೂಬರ್ ಪೀಡಿಗೆ ಕರೆದೊಯ್ಯಬೇಕು. ನೆಲದಡಿಯ ಮನೆಗಳನ್ನು ನೋಡಲೇಬೇಕೆಂದು ಅಪ್ಪನ ಹಟ. ಸ್ಟುವರ್ಟ್ ಹೆದ್ದಾರಿಯಲ್ಲಿ ಸುಮಾರು 690 ಕಿ.ಮೀ., ಏಳೆಂಟು ಗಂಟೆ. ಅಮ್ಮನ ಮಂಡಿನೋವಿಗೆ ಅಷ್ಟು ಹೊತ್ತು ಕೂರುವುದು ಕಷ್ಟ. ನೇರ ವಿಮಾನವಿಲ್ಲ. ಅಡಿಲೇಡ್ ಮೂಲಕವೆಂದರೆ ದಕ್ಷಿಣಕ್ಕೆ 1,300 ಕಿ.ಮೀ. ಹಾರಿ, ಮತ್ತೆ ಉತ್ತರಕ್ಕೆ ಬರಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ! ಬಾಡಿಗೆಯ ಸಣ್ಣ ವಿಮಾನಕ್ಕೆ ನೇರ ದೂರ 600 ಕಿ.ಮೀ. ಆಸುಪಾಸು, ಒಂದೂವರೆ ಗಂಟೆ ಸಾಕೆಂದು ನನ್ನ ಲೆಕ್ಕ. ಹಾಗೆ ಹೋದವರಿದ್ದರೆ ನಾಲ್ವರಿಗೆ ಬಾಡಿಗೆ ಎಷ್ಟಾಯಿತು, ದಯವಿಟ್ಟು ತಿಳಿಸಿ. ಕಾರೇ ಗತಿಯಾದರೆ, ದಾರಿಯಲ್ಲಿ ಸಿಗುವ ಮಾರ್ಲಾ ಎಂಬ ಪುಟ್ಟ ಊರಿನಲ್ಲಿ ರಾತ್ರಿ ತಂಗುವುದು ಹೇಗೆ? ಕತ್ತಲಾದ ಮೇಲೆ ಕಾಂಗರೂಗಳು ಅಡ್ಡಬರುವ ರಸ್ತೆಯಲ್ಲಿ ಓಡಿಸುವ ಧೈರ್ಯ ನನಗಿಲ್ಲ.