ಹೈಲ್ಯಾಂಡರ್ ಹಿಂದೆ ಬೋಟ್: 55 ಮೈಲಿ ದಾಟಿದರೆ ಟ್ರೈಲರ್ ಬಾಲ ಅಲ್ಲಾಡಿಸುತ್ತದೆ, ರಿವರ್ಸ್‌ನಲ್ಲಿ ಬ್ರೇಕ್ ಕಚ್ಚುತ್ತದೆ

ಸಿಹಿನೀರು:
ಎಲ್ಲರಿಗೂ ನಮಸ್ಕಾರ. ನಾವು ಮಿನೆಸೋಟಾದಲ್ಲಿದ್ದೇವೆ. ಗಾಡಿ 2021ರ ಟೊಯೋಟಾ ಹೈಲ್ಯಾಂಡರ್ ವಿ6, ಎಳೆಯುವ ಮಿತಿ 5,000 ಪೌಂಡ್. 19 ಅಡಿಯ ಹಳೇ ಬೋಟನ್ನು ಟ್ರೈಲರ್ ಸಮೇತ ಕೊಂಡಿದ್ದೇವೆ. ಕಾಗದದಲ್ಲಿ ಬೋಟಿನ ತೂಕ 2,700 ಪೌಂಡ್ ಅಂತಿದೆ. ಹೈವೇ 169ರಲ್ಲಿ ಮಿಲ್ ಲ್ಯಾಕ್ಸ್ ಕೆರೆ ಕಡೆ ಹೊರಟರೆ, 55 ದಾಟಿದ ಕೂಡಲೇ ಟ್ರೈಲರ್ ಓಲಾಡಲು ಶುರು. ಪಕ್ಕದಲ್ಲಿ ಲಾರಿ ಹೋದರಂತೂ ಹಿಂದಿನ ಸೀಟಿನಲ್ಲಿ ಮಕ್ಕಳು ಕಿರುಚುತ್ತಾರೆ. ಇನ್ನೊಂದು: ಮನೆ ಮುಂದಿನ ಏರಿನಲ್ಲಿ ರಿವರ್ಸ್ ತೆಗೆದರೆ ಟ್ರೈಲರ್ ಚಕ್ರ ಕಚ್ಚಿಕೊಂಡು ನಿಲ್ಲುತ್ತದೆ. ಏನು ನೋಡಲಿ?

ನಟ್‌ಬೋಲ್ಟ್:
ಸ್ವೇ ಬಾರ್ (ಓಲಾಟ ತಡೆಯುವ ಸರಳು) ಹಾಕಿಸಿಬಿಡಿ ಸರ್, ನಿಲ್ಲುತ್ತೆ.

ಮೂಕಿ:
ಈಗಲೇ ಬೇಡ. ನಿಮ್ಮದು ಸರ್ಜ್ ಬ್ರೇಕ್ ಇರಬೇಕು, ಅಂದರೆ ಟ್ರೈಲರ್ ಕಾರನ್ನು ತಳ್ಳಿದಾಗ ತಾನೇ ಹಿಡಿಯುವ ಬ್ರೇಕ್. ಅಂಥ ಟ್ರೈಲರಿಗೆ ಕೆಲವು ಸ್ವೇ ಬಾರ್ ಹೊಂದುವುದಿಲ್ಲ. ಅದಿರಲಿ, ಭಾರ ತಪ್ಪಾಗಿ ಕೂತಿದ್ದರೆ ಬಾರ್ ಅದನ್ನು ಮುಚ್ಚಿಡುತ್ತದೆ ಅಷ್ಟೆ.

ಸಿಹಿನೀರು ಅವರೇ, ಆ 2,700 ಬರೀ ಒಣ ಬೋಟು. ಟ್ರೈಲರ್, ಬ್ಯಾಟರಿ, ಲಂಗರು, ಐಸ್ ಪೆಟ್ಟಿಗೆ ಯಾವುದೂ ಅದರಲ್ಲಿ ಸೇರಿಲ್ಲ. ಪೆಟ್ರೋಲೇ ಗ್ಯಾಲನ್‌ಗೆ ಆರು ಪೌಂಡ್ ತೂಗುತ್ತದೆ. ಮೊದಲು ಟ್ರಕ್ ಸ್ಟಾಪಿನ ತೂಕದ ಕಟ್ಟೆ ಮೇಲೆ ನಿಲ್ಲಿಸಿ ನಿಜವಾದ ತೂಕ ತಿಳಿದುಕೊಳ್ಳಿ. ಆಮೇಲೆ ಹಿಚ್ (ಕಾರಿನ ಹಿಂದಿನ ಕೊಂಡಿ) ಮೇಲೆ ಎಷ್ಟು ಭಾರ ಕೂರುತ್ತದೆ ನೋಡಿ. ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಅಲ್ಲಿರಬೇಕು. ಎತ್ತಿನ ಗಾಡಿ ಹಿಂಭಾರವಾದರೆ ಮೂಕಿ ಮೇಲೇಳುತ್ತದಲ್ಲ, ನಿಮ್ಮದೂ ಅದೇ ಕಥೆ ಅಂತ ನನ್ನ ಅನುಮಾನ.

ಬಾತ್‌ರೂಮ್ ತೂಕದ ಯಂತ್ರ ಸಾಕು. ಗಟ್ಟಿ ಹಲಗೆಯೊಂದನ್ನು ಅಡ್ಡ ಇಡಿ. ಕಪ್ಲರ್ (ಹಿಚ್‌ಗೆ ಸಿಕ್ಕಿಸುವ ಟ್ರೈಲರಿನ ಮುಂತುದಿ) ಕೂರುವ ಜಾಗದಿಂದ ಒಂದು ಕಡೆ ಒಂದಡಿ ದೂರದಲ್ಲಿ ಪೈಪಿನ ಆಧಾರ, ಇನ್ನೊಂದು ಕಡೆ ಎರಡಡಿ ದೂರದಲ್ಲಿ ಯಂತ್ರ. ಬರೀ ಹಲಗೆಯ ತೂಕ ಕಳೆದು, ಉಳಿದದ್ದನ್ನು ಮೂರರಿಂದ ಗುಣಿಸಿ. ಟ್ರೈಲರ್ ಮಟ್ಟವಾಗಿರಲಿ, ಚಕ್ರಕ್ಕೆ ಅಡ್ಡಗಲ್ಲು ಕೊಡಿ.

ಮತ್ತೆ ಓಲಾಡಿದರೆ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ಆಡಿಸಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು ನೇರ ಹಿಡಿದುಕೊಳ್ಳಿ, ತಾನೇ ನಿಧಾನವಾಗಲಿ.

ಗೀತಕ್ಕ:
ರಿವರ್ಸ್ ಬಗ್ಗೆ: ಲೈಟಿನ ಪ್ಲಗ್ ಎಷ್ಟು ಪಿನ್ನಿನದು? ಸರ್ಜ್ ಬ್ರೇಕಿಗೆ ಟ್ರೈಲರ್ ಕಾರನ್ನು ತಳ್ಳುವುದೇ ಸಿಗ್ನಲ್ಲು. ಏರಿನಲ್ಲಿ ಹಿಂದಕ್ಕೆ ತಳ್ಳಿದರೂ ಅದಕ್ಕೆ ಹಾಗೇ ಅನ್ನಿಸುತ್ತದೆ. ಅದನ್ನು ತಡೆಯುವ ಸೊಲೆನಾಯ್ಡಿಗೆ (ಕರೆಂಟಿನಿಂದ ಕೆಲಸ ಮಾಡುವ ವಾಲ್ವ್) ರಿವರ್ಸ್ ಲೈಟಿನಿಂದ ಕರೆಂಟ್ ಬರಬೇಕು, ಅದೇ ಐದನೇ ತಂತಿ.

ಸಿಹಿನೀರು:
ಗೀತಕ್ಕ, ಸಿಕ್ಕಿತು! ಕಾರಿನಲ್ಲಿ 7 ಪಿನ್, ಟ್ರೈಲರಿನಲ್ಲಿ 5, ನಡುವೆ ಇದ್ದದ್ದು 4 ಪಿನ್ನಿನ ಅಡಾಪ್ಟರ್. ಐದನೇ ಪಿನ್ ಗಾಳಿಯಲ್ಲಿ ನೇತಾಡುತ್ತಿತ್ತು.

ತೂಕ: ಟ್ರೈಲರ್, ಬೋಟು, ಸಾಮಾನು ಸೇರಿ 4,120. ಯಂತ್ರ ತೋರಿಸಿದ್ದು 63, ಅಂದರೆ ಹಿಚ್ ಮೇಲೆ 189 ಪೌಂಡ್. ಬೋಟಿನ ಮೂತಿಗೂ ಮುಂದಿನ ರಬ್ಬರ್ ರೋಲರಿಗೂ ನಡುವೆ ಒಂದು ಗೇಣು ಸಂದಿಯೂ ಇದೆ.

ಮೂಕಿ:
ಐದು ಪರ್ಸೆಂಟೂ ಇಲ್ಲ! ವಿಂಚ್ ತಿರುಗಿಸಿ ಮೂತಿ ರೋಲರಿಗೆ ತಾಗುವವರೆಗೆ ಎಳೆಯಿರಿ, ಹಿಂಬದಿಯ ಪಟ್ಟಿಗಳನ್ನು ಆಮೇಲೆ ಬಿಗಿಯಿರಿ. ಐಸ್ ಪೆಟ್ಟಿಗೆ, ಲಂಗರು, ಸ್ಕೀ ಎಲ್ಲ ಬೋಟಿನ ಮುಂಭಾಗಕ್ಕೆ. ಹಿಚ್ ಮೇಲಿನ ಭಾರವೂ ಕಾರಿನ ಲೋಡೇ. ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುವ ಮಿತಿಯೊಳಗೆ ಜನ, ಲಗೇಜು, ಇದು ಮೂರೂ ಬರಬೇಕು. ಟ್ರೈಲರ್ ಟೈರಿಗೆ ಪಕ್ಕದಲ್ಲಿ ಬರೆದಷ್ಟು ಪೂರ್ತಿ ಗಾಳಿ ತುಂಬಿ. ಅವು ಎಸ್‌ಟಿ (ಟ್ರೈಲರಿಗೆಂದೇ ಮಾಡಿದ) ಟೈರ್, ಹಳೆಯವಾದರೆ ಹಲವಕ್ಕೆ 65 ಮೈಲಿಯೇ ಮಿತಿ.

ಸಿಹಿನೀರು:
ಎಲ್ಲ ಮಾಡಿದೆ. ಈಗ 429 ಪೌಂಡ್. ಅದೇ 169ರಲ್ಲಿ 60ರವರೆಗೆ ಹೋದೆ, ಲಾರಿ ದಾಟಿದರೂ ಸಣ್ಣ ತಳ್ಳು ಅಷ್ಟೆ. ಹೊಸ ಅಡಾಪ್ಟರ್ ಬಂದಿಲ್ಲ, ಅಲ್ಲಿವರೆಗೆ ರಿವರ್ಸ್‌ಗೆ ಏನು ಮಾಡಲಿ?

ಗೀತಕ್ಕ:
ಕಾರನ್ನು ಸ್ವಲ್ಪ ಮುಂದಕ್ಕೆ ಎಳೆದು ಕಪ್ಲರ್ ಮುಂದಕ್ಕೆ ಚಾಚಿಕೊಂಡಾಗ ಲಾಕ್‌ಔಟ್ ಪಿನ್ (ಸರ್ಜ್ ಬ್ರೇಕ್ ಹಿಡಿಯದಂತೆ ತಡೆಯುವ ಕೀಲು) ಹಾಕಿ. ಎಲ್ಲ ಕಪ್ಲರಿನಲ್ಲೂ ಅದಕ್ಕೆ ಜಾಗವಿರುವುದಿಲ್ಲ, ನೋಡಿಕೊಳ್ಳಿ. ರಸ್ತೆಗಿಳಿಯುವ ಮುಂಚೆ ತೆಗೆಯಲೇಬೇಕು, ಇಲ್ಲದಿದ್ದರೆ ಟ್ರೈಲರಿಗೆ ಬ್ರೇಕೇ ಇಲ್ಲ. ನಾನು ಪಿನ್ನಿಗೆ ಕೆಂಪು ರಿಬ್ಬನ್ ಕಟ್ಟಿ, ಅದರ ತುದಿಗೆ ಕಾರಿನ ಕೀ ಸಿಕ್ಕಿಸಿಡುತ್ತೇನೆ.

ಅಂದಹಾಗೆ ಮಿನೆಸೋಟಾದಲ್ಲಿ ಜೀಬ್ರಾ ಮಸಲ್ (ಕೆರೆಯಿಂದ ಕೆರೆಗೆ ಹರಡುವ ಸಣ್ಣ ಚಿಪ್ಪುಜೀವಿ) ಕಾಟಕ್ಕೆ, ರಸ್ತೆಯಲ್ಲಿ ಒಯ್ಯುವಾಗ ಬೋಟಿನ ಡ್ರೇನ್ ಪ್ಲಗ್ ಬಿಚ್ಚಿಡಬೇಕೆಂದು ಕಾನೂನಿದೆ. ನೀರಿಗಿಳಿಸುವ ಮುಂಚೆ ವಾಪಸ್ ಹಾಕಿ ಮಾರಾಯ್ರೆ.